ನಾನು ತೆಗೆದ ಹನ್ನೊಂದು ಸಾಲುಗಳು

ಐರಿನ್ ಬಾಯಿ, ಆ ಹನ್ನೊಂದು ಸಾಲುಗಳನ್ನು ತೆಗೆದವನು ನಾನು. ನೀವಲ್ಲ. ಯಂತ್ರ ತಪ್ಪಿದ್ದಲ್ಲ, ಆಸ್ಪತ್ರೆಯವರು ಏನೋ ಒತ್ತಿ ಕೆಡಿಸಿದ್ದೂ ಅಲ್ಲ. ಹಾಡಹಗಲಿನಲ್ಲಿ, ಪೂರ್ತಿ ಎಚ್ಚರವಿದ್ದು, ಯಾವುದೋ ಹಾಡು ಗುನುಗುತ್ತಾ ನಾನೇ ಒಂದೊಂದಾಗಿ ಅಳಿಸಿದ್ದು. ಇಷ್ಟು ಬರೆಯಲು ನನಗೆ ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಇದನ್ನು ಲಕೋಟೆಯಲ್ಲಿ ಹಾಕಿ ನಿಮಗೊಬ್ಬರಿಗೇ ಕಳಿಸಬಹುದಿತ್ತು. ಎರಡು ಸಲ ಬರೆದು ಹರಿದದ್ದೂ ಉಂಟು. ಆದರೆ ನಿಮ್ಮ ಹೆಸರು ಕೆಟ್ಟದ್ದು ನಾಲ್ಕು ಜನರ ಎದುರು. ಸತ್ಯವನ್ನು ಮಾತ್ರ ಗುಟ್ಟಾಗಿ ಅಂಚೆಗೆ ಹಾಕಿದರೆ ಅದೂ ಒಂದು ಬಗೆಯ ಅಡಗಿಕೊಳ್ಳುವಿಕೆಯೇ. ಹಾಗಾಗಿ ಅಚ್ಚಿಗೆ ಕೊಡುತ್ತಿದ್ದೇನೆ. ನಿಮಗೆ ಗೊತ್ತಿರುವ ಸಂಗತಿಗಳನ್ನೂ ವಿವರಿಸುತ್ತೇನೆ, ಓದುವ ಬೇರೆಯವರಿಗಾಗಿ — ಸಹಿಸಿಕೊಳ್ಳಿ.

ಎಂಬತ್ತರ ದಶಕದ ಕೊನೆ. ಮಣಿಪಾಲದ ಒಂದು ಕಟ್ಟಡದ ಮಹಡಿಯಲ್ಲಿ ಎರಡು ಕೋಣೆ, ಮೂರು ಕಂಪ್ಯೂಟರು, ನಾವು ಇಬ್ಬರು. ಚಪ್ಪಲಿ ಹೊರಗಿಟ್ಟು ಒಳಗೆ ಹೋಗಬೇಕು. ಮಳೆಗಾಲದಲ್ಲಿ ಫ್ಲಾಪಿಗಳಿಗೆ ಬೂಸು ಹಿಡಿಯಬಾರದೆಂದು ಕಪಾಟಿನೊಳಗೆ ದಿನವಿಡೀ ಒಂದು ಬಲ್ಬು ಉರಿಯುತ್ತಿತ್ತು. ಧಣಿ ಶೆಟ್ರು ಮುಂಬಯಿಯಲ್ಲಿದ್ದು ಬಂದವರು. ಅವರು ಅಲ್ಲಿಂದ ತಂದ ಹೊಸ ಭಾಷೆ ಸಿ ಪ್ಲಸ್ ಪ್ಲಸ್ — ನಮ್ಮ ಸುತ್ತಮುತ್ತ ಅದರ ಹೆಸರು ಕೇಳಿದವರೇ ಕಡಿಮೆ. ನೀವು ಕೆಮ್ಮಣ್ಣು ಊರಿನವರು, ನನಗಿಂತ ನಾಲ್ಕು ವರ್ಷ ದೊಡ್ಡವರು, ಗಣಿತದಲ್ಲಿ ಎಂ.ಎಸ್ಸಿ. ನಾನು ಹಿರಿಯಡ್ಕದಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದ ಸುಧಾಕರ. ನನ್ನಷ್ಟು ಜಾಣ ಜಿಲ್ಲೆಯಲ್ಲೇ ಇಲ್ಲ ಎಂದು ನಂಬಿದ್ದೆ.

ಆಗ ಉಡುಪಿಯ ಒಂದು ಖಾಸಗಿ ಆಸ್ಪತ್ರೆಯ ಕೆಲಸ ನಮಗೆ ಸಿಕ್ಕಿತು. ಹೆಸರು ಬೇಡ, ಅದು ಈಗ ಇಲ್ಲ. ರೋಗಿಗಳ ವಿವರವನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕು. ರೋಗಿ ಪುನಃ ಬಂದಾಗ ಒಂದು ಚೀಟಿ ಅಚ್ಚಾಗಬೇಕು. ಹೆಸರು, ಪ್ರಾಯ, ಊರು, ಹಿಂದಿನ ಕಾಯಿಲೆ, ಮತ್ತೆ — ಪೆನಿಸಿಲಿನ್ ಆಗುತ್ತದೋ ಇಲ್ಲವೋ.

ಈ ಹೊಸ ಭಾಷೆಯ ರೀತಿ ಹೀಗೆ. 'ರೋಗಿ' ಎಂಬುದು ಒಂದು ಪೆಟ್ಟಿಗೆ ಎಂದುಕೊಳ್ಳಿ. ವಿವರಗಳೆಲ್ಲ ಅದರ ಒಳಗೆ. ಪ್ರೋಗ್ರಾಮಿನ ಬೇರೆ ಭಾಗಗಳು ಅದಕ್ಕೆ ನೇರ ಕೈ ಹಾಕುವಂತಿಲ್ಲ. ಒಂದು ವಿವರವನ್ನು ಕೇಳಬೇಕಾದರೆ ಅದಕ್ಕೆಂದೇ ಬರೆದಿಟ್ಟ ಸಣ್ಣ ಫಂಕ್ಷನ್ ಒಂದು, ಬದಲಿಸಬೇಕಾದರೆ ಇನ್ನೊಂದು. ಕೇಳುವ ಬಾಗಿಲು, ಬದಲಿಸುವ ಬಾಗಿಲು ಎಂದು ನೀವು ಹೇಳುತ್ತಿದ್ದಿರಿ. ಪ್ರತಿ ವಿವರಕ್ಕೂ ಎರಡೆರಡು ಬಾಗಿಲು. ಬರೆದು ಬರೆದು ಬೇಜಾರು ಬರುವ ಕೆಲಸ. ನಿಮಗೆ ಬೇಜಾರು ಬರುತ್ತಿರಲಿಲ್ಲ.

ಪೆನಿಸಿಲಿನ್ನಿನ ಬದಲಿಸುವ ಬಾಗಿಲಿಗೆ ನೀವು ಹನ್ನೊಂದು ಸಾಲು ಹೆಚ್ಚು ಬರೆದಿದ್ದಿರಿ. ಒಬ್ಬ ರೋಗಿಗೆ 'ಆಗುವುದಿಲ್ಲ' ಎಂದು ಒಮ್ಮೆ ದಾಖಲಾದರೆ, ಮುಂದೆ ಯಾರು 'ತೊಂದರೆ ಇಲ್ಲ' ಎಂದು ಬದಲಿಸಲು ಹೋದರೂ ಪ್ರೋಗ್ರಾಮು ನಿಂತು ಡಾಕ್ಟರ ಗುರುತಿನ ಅಕ್ಷರ ಕೇಳುತ್ತಿತ್ತು. ಕೊಡದಿದ್ದರೆ ಬದಲಿಸುತ್ತಲೇ ಇರಲಿಲ್ಲ. ನಾನು ನೋಡಿ ನಕ್ಕಿದ್ದೆ.

"ಇದಕ್ಕೆ ಇಷ್ಟುದ್ದ ಯಾಕೆ ಐರಿನ್ ಬಾಯಿ? ಒಂದು ಸಾಲಿನ ಕೆಲಸ ಇದು."

"ಇರಲಿ ಮಾರಾಯ್ರೆ," ಎಂದಿರಿ ನೀವು. "ಟೈಪ್ ಮಾಡುವವರಿಗೆ ಕೈ ತಪ್ಪುದುಂಟು. ಇಂಜೆಕ್ಷನ್ ಚುಚ್ಚಿದ ಮೇಲೆ ಎಂತ ಮಾಡ್ಲಿಕ್ಕುಂಟು?"

ಆ ಮಾತು ಇಷ್ಟು ವರ್ಷವೂ ನನ್ನ ತಲೆಯಲ್ಲಿದೆ. ಆ ದಿನ ಮಾತ್ರ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ನಿಮ್ಮ ತಂಗಿಯ ಮದುವೆ ಬಂತು. ತೆಂಗಿನಹಾಲು ಹಚ್ಚುವ ರೋಸಿನ ಶಾಸ್ತ್ರ, ಮದುವೆ, ಬೀಗರ ಊಟ ಎಂದು ನೀವು ಆರು ದಿನ ರಜೆ ಹಾಕಿದಿರಿ. ಹೊರಡುವ ದಿನ ನೀವು ಪ್ರೋಗ್ರಾಮಿನ ಫ್ಲಾಪಿ ಕೊಟ್ಟಾಗ ಶೆಟ್ರು ನನ್ನೆದುರೇ ನಿಮ್ಮನ್ನು ಹೊಗಳಿದರು — ಇವರು ಬರೆದದ್ದನ್ನು ಪುನಃ ನೋಡುವ ಅಗತ್ಯವೇ ಇಲ್ಲ ಎಂದು. ನನ್ನ ಬಗ್ಗೆ ಏನೂ ಹೇಳಲಿಲ್ಲ. ನನಗೆ ಹೊಟ್ಟೆ ಉರಿಯಿತು. ಬೇರೆ ಹೆಸರಿನಿಂದ ಅದನ್ನು ಕರೆಯುವುದರಲ್ಲಿ ಅರ್ಥವಿಲ್ಲ — ಹೊಟ್ಟೆಕಿಚ್ಚೇ.

ಮರುದಿನ ನಿಮ್ಮ ಫೈಲು ತೆರೆದೆ. ಈ ಭಾಷೆಯಲ್ಲಿ ಒಂದು ಚಮತ್ಕಾರ ಉಂಟು: ಎರಡು ಬಾಗಿಲನ್ನು ಒಂದೇ ಸಾಲಿನ ಒಂದೇ ಬಾಗಿಲು ಮಾಡಬಹುದು. ಅದು ಒಳಗಿನ ವಿವರವನ್ನು ಓದಿ ಹೇಳುವುದಿಲ್ಲ. ವಿವರ ಇರುವ ಜಾಗವನ್ನೇ ಕೈಗೆ ಕೊಡುತ್ತದೆ. ಕೇಳುವವನು ಕೇಳಬಹುದು, ಬರೆಯುವವನು ಬರೆಯಬಹುದು. ಯಾರು, ಯಾಕೆ ಎಂದು ವಿಚಾರಿಸುವುದಿಲ್ಲ. ಚಿಕ್ಕದು, ಚೊಕ್ಕದು. ಒಂದೊಂದಾಗಿ ಎಲ್ಲವನ್ನೂ ಹಾಗೆ ಮಾಡುತ್ತಾ ಬಂದೆ. ನಾಲ್ಕು ಹಾಳೆಯ ಪ್ರೋಗ್ರಾಮು ಮೂರಕ್ಕೆ ಇಳಿಯಿತು, ಮೂರು ಎರಡಕ್ಕೆ. ಸಂಜೆಯ ಹೊತ್ತಿಗೆ ಪೆನಿಸಿಲಿನ್ನಿನ ಎದುರು ಬಂದು ನಿಂತೆ.

ಸುಮ್ಮನೆ ಅಳಿಸಲಿಲ್ಲ, ಯೋಚಿಸಿದೆ — ಇದನ್ನು ಹೇಳದಿದ್ದರೆ ಪುನಃ ಸುಳ್ಳಾಗುತ್ತದೆ. ಈ ಎಚ್ಚರಿಕೆ ಪೆಟ್ಟಿಗೆಯಲ್ಲಿ ಯಾಕೆ, ಪ್ರಶ್ನೆ ಕೇಳುವ ಪರದೆಯ ಕಡೆ ಬರೆದರಾಯಿತಲ್ಲ, ಆಮೇಲೆ ಬರೆಯುತ್ತೇನೆ ಎಂದುಕೊಂಡೆ. ಹನ್ನೊಂದು ಸಾಲು ತೆಗೆದೆ. ಎಲ್ಲ ಸೇರಿ ಸರಿಯಾಗಿ ಒಂದು ಹಾಳೆಯಲ್ಲಿ ಕೂತಿತು. ಕೊನೆಯ ಸಾಲು ಕಾಗದದ ಅಂಚಿನಲ್ಲಿ. ಆ ಹಾಳೆಯನ್ನು ಕೈಯಲ್ಲಿ ಹಿಡಿದಾಗ ನನಗಾದ ಖುಷಿ — ಹೇಳಲು ನಾಚಿಕೆಯಾಗುತ್ತದೆ.

ನಮ್ಮಲ್ಲಿ ಒಂದು ನಿಯಮವಿತ್ತು, ನೀವೇ ಮಾಡಿದ್ದು. ಫೈಲಿನ ನೆತ್ತಿಯಲ್ಲಿ ಬರೆದವರ ಹೆಸರು. ಆಮೇಲೆ ಯಾರು ಮುಟ್ಟಿದರೂ ಅದರ ಕೆಳಗೆ ತಮ್ಮ ಹೆಸರು, ತಾರೀಕು. ನಾನು ನನ್ನ ಹೆಸರು ಸೇರಿಸಿ ನೋಡಿದೆ. ಒಂದು ಸಾಲು ಹೆಚ್ಚಾಗಿ, ಕೊನೆಯ ಸಾಲು ಎರಡನೆಯ ಹಾಳೆಗೆ ಬಿತ್ತು. ಒಂದೇ ಹಾಳೆ ಎಂದು ಶೆಟ್ರಿಗೆ ತೋರಿಸಬೇಕಿತ್ತಲ್ಲ! ಹೆಸರು ತೆಗೆದುಬಿಟ್ಟೆ. ಹನ್ನೊಂದು ಸಾಲು ತೆಗೆದವನಿಗೆ ಒಂದು ಸಾಲು ಸೇರಿಸಲು ಜಾಗ ಸಿಗಲಿಲ್ಲ. ನೆತ್ತಿಯ ಮೇಲೆ ನಿಮ್ಮ ಹೆಸರೊಂದೇ ಉಳಿಯಿತು.

ಶೆಟ್ರಿಗೆ ತೋರಿಸಲೂ ಆಗಲಿಲ್ಲ. ಆಸ್ಪತ್ರೆಯವರು ಅವಸರ ಮಾಡಿದರೆಂದು ಅವರು ಮರುದಿನವೇ ನಾನು ತಿದ್ದಿದ ಫ್ಲಾಪಿಯನ್ನೇ ಹಿಡಿದುಕೊಂಡು ಉಡುಪಿಗೆ ಇಳಿದುಬಿಟ್ಟರು. ಪರದೆಯ ಕಡೆ ಬರೆಯಬೇಕಾದ್ದನ್ನು ನಾನು ನಾಳೆಗೆ ಹಾಕಿದೆ, ಮುಂದಿನ ವಾರಕ್ಕೆ ಹಾಕಿದೆ, ಕಡೆಗೆ ಮರೆತೇಬಿಟ್ಟೆ. ನೀವು ಮದುವೆ ಮುಗಿಸಿ ಬಂದಾಗ ನಿಮ್ಮನ್ನು ನೇರ ಆಸ್ಪತ್ರೆಯ ಹುಡುಗಿಯರಿಗೆ ಕಲಿಸಲು ಕಳಿಸಿದರು. ನೀವು ಆ ಫೈಲನ್ನು ತೆರೆದು ನೋಡಬೇಕಾದ ಸಂದರ್ಭವೇ ಬರಲಿಲ್ಲ. ನಾನೂ ಹೇಳಲಿಲ್ಲ.

ನಾಲ್ಕು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ಈಗ ನೆನೆದರೆ ಆ ನಾಲ್ಕು ತಿಂಗಳೇ ನನಗೆ ಭಯ ಹುಟ್ಟಿಸುತ್ತದೆ. ದಿನಾ ಚೀಟಿಗಳು ಅಚ್ಚಾಗುತ್ತಿದ್ದವು. ಹಳೆಯ ರೋಗಿ ಬಂದರೆ ಪರದೆಯಲ್ಲಿ ಪ್ರಶ್ನೆಗಳು ಒಂದೊಂದಾಗಿ ಬರುತ್ತವೆ. ಬದಲಾವಣೆ ಇಲ್ಲದಿದ್ದರೆ ಎಂಟರ್ ಒತ್ತುತ್ತಾ ಹೋಗುವುದು. ಹೆಸರು, ಊರು ಹಳೆಯದೇ ಉಳಿಯುತ್ತದೆ. ಪೆನಿಸಿಲಿನ್ನಿನ ಪ್ರಶ್ನೆಗೆ ಮಾತ್ರ, ಏನೂ ಬರೆಯದೆ ಎಂಟರ್ ಒತ್ತಿದರೆ 'ತೊಂದರೆ ಇಲ್ಲ' ಎಂದಾಗುತ್ತಿತ್ತು. ಅದು ಮೊದಲಿನಿಂದ ಇದ್ದದ್ದೇ. ನಿಮ್ಮ ಬಾಗಿಲು ಅದನ್ನು ತಡೆಯುತ್ತಿತ್ತು. ನನ್ನದು ತಡೆಯಲಿಲ್ಲ. ಹಾಗೆ ಎಷ್ಟು ಜನರ ದಾಖಲೆ ಸದ್ದಿಲ್ಲದೆ ಬದಲಾಗಿತ್ತೋ, ಅವರಲ್ಲಿ ಎಷ್ಟು ಜನ ಅದೃಷ್ಟದಿಂದ ಉಳಿದರೋ — ಗೊತ್ತಿಲ್ಲ.

ಇನ್ನೊಂದು ಸಂಗತಿ ನನಗೆ ಆಮೇಲೆ ತಿಳಿಯಿತು. ಮೊದಲೆಲ್ಲ ಅಲ್ಲಿ ಪೆನಿಸಿಲಿನ್ ಕೊಡುವ ಮುಂಚೆ ಕೈಯ ಚರ್ಮಕ್ಕೆ ಒಂದು ಹನಿ ಚುಚ್ಚಿ ನೋಡುತ್ತಿದ್ದರಂತೆ. ಕಂಪ್ಯೂಟರಿನ ಚೀಟಿ ಬರತೊಡಗಿದ ಮೇಲೆ, ಹಳೆಯ ರೋಗಿಯಾದರೆ ಚೀಟಿ ನೋಡುವುದೇ ರೂಢಿಯಾಯಿತು.

ಉಚ್ಚಿಲದ ವಸಂತಿ ಎಂಬವರು ಬಂದದ್ದು ಒಂದು ಸೋಮವಾರ. ಮೀನು ಮಾರುವ ಹೆಂಗಸು, ಮೂವತ್ತರ ಆಸುಪಾಸು. ಮೀನಿನ ಮುಳ್ಳು ಚುಚ್ಚಿ ಕೈ ಬಾತುಕೊಂಡಿತ್ತು. ಮೊದಲ ಸಲ ಜ್ವರಕ್ಕೆಂದು ಬಂದಾಗ ಪೆನಿಸಿಲಿನ್ನಿನಿಂದ ಮೈಯೆಲ್ಲ ದದ್ದು ಎದ್ದು, 'ಆಗುವುದಿಲ್ಲ' ಎಂದು ನೀವು ಕಲಿಸಿದ ಹುಡುಗಿಯೇ ಟೈಪ್ ಮಾಡಿದ್ದಳು. ಈ ಸಲ ಊರು ಬದಲಾಗಿಲ್ಲ, ಗಂಡನ ಹೆಸರು ಬದಲಾಗಿಲ್ಲ. ಎಂಟರ್, ಎಂಟರ್, ಎಂಟರ್. ಚೀಟಿ ಬಂತು. ಇಂಜೆಕ್ಷನ್ ಕೊಟ್ಟರು.

ಅವರ ಗಂಡ ಆಮೇಲೆ ಶೆಟ್ರೆದುರು ಹೇಳಿದ ಮಾತು ನಿಮಗೂ ನೆನಪಿರಬಹುದು. "ಅವಳು ಹೇಳ್ತೇನೆ ಅಂದಳು. ನಾನೇ ಬೇಡ ಅಂದೆ. ಹೋದ ಸಲ ಕಂಪ್ಯೂಟರಿಗೆ ಹಾಕಿದ್ದಾರೆ ಅಲ್ವಾ, ಅವರಿಗೆ ಗೊತ್ತುಂಟು, ಸುಮ್ಮನೆ ಕೂತುಕೊ ಅಂದೆ." ಆ ಮನುಷ್ಯ ಬಯ್ಯಲಿಲ್ಲ. ತನ್ನದೇ ತಪ್ಪೆಂಬ ಹಾಗೆ ನಮ್ಮ ಮುಖ ನೋಡುತ್ತಾ ನಿಂತಿದ್ದರು.

ವಸಂತಿಯವರ ಹೃದಯ ಕೆಲವು ನಿಮಿಷ ನಿಂತಿತ್ತು. ಬದುಕಿಸಿದರು. ಒಂದು ವಾರ ಪ್ರಜ್ಞೆ ಇರಲಿಲ್ಲ. ಎದ್ದ ಮೇಲೆ ಬಲಗೈ ಸ್ವಾಧೀನದಲ್ಲಿಲ್ಲ, ಮಾತು ಅಂಟಂಟು, ಮಕ್ಕಳ ಹೆಸರು ಒಮ್ಮೊಮ್ಮೆ ಮರೆತುಹೋಗುತ್ತದೆ. ಇನ್ನು ಬುಟ್ಟಿ ಹೊರುವ ಹಾಗಿಲ್ಲ ಎಂದರು.

ವಿಚಾರಣೆ ನಡೆದದ್ದು ನಮ್ಮ ಕೋಣೆಯಲ್ಲೇ, ಒಂದು ಮಧ್ಯಾಹ್ನ. ಆಸ್ಪತ್ರೆಯ ದೊಡ್ಡ ಡಾಕ್ಟರು, ಶೆಟ್ರು, ಲೆಕ್ಕಪತ್ರದ ಒಬ್ಬರು, ನೀವು, ನಾನು. ಮೇಜಿನ ಮೇಲೆ ಆ ಒಂದು ಹಾಳೆ. ನೀವು ಅದನ್ನು ಎತ್ತಿಕೊಂಡು ಓದಿದಿರಿ. ಓದುತ್ತಾ ನಿಮ್ಮ ಮುಖದ ಬಣ್ಣ ಹೋದದ್ದನ್ನು ನಾನು ನೋಡಿದೆ.

"ಇದು ನಾನು ಬರೆದ ಹಾಗೆ ಇಲ್ಲ," ಎಂದಿರಿ.

"ಹೆಸರು ನಿಮ್ಮದೇ ಉಂಟಲ್ಲ?" ಎಂದರು ಡಾಕ್ಟರು.

ನೀವು ನನ್ನ ಕಡೆ ತಿರುಗಿದಿರಿ. ಆರೋಪ ಮಾಡುವ ನೋಟ ಅಲ್ಲ ಅದು. ಗೊತ್ತಿದ್ದರೆ ಹೇಳು ಎನ್ನುವ ನೋಟ. ಶೆಟ್ರೂ ತಿರುಗಿದರು. "ಸುಧಾಕರ, ನೀನು ಎಂತಾದ್ರೂ ಮುಟ್ಟಿದ್ದೀಯಾ ಇದನ್ನು?"

"ನಾನು ಮುಟ್ಟಿಲ್ಲ."

ಅಷ್ಟೇ ಹೇಳಿದ್ದು. ಧ್ವನಿ ನಡುಗಲಿಲ್ಲ. ನಡುಗಿದ್ದರೆ ಯಾರಾದರೂ ಎರಡನೆಯ ಪ್ರಶ್ನೆ ಕೇಳುತ್ತಿದ್ದರೋ ಏನೋ —

ನೀವು ಬಿಡಲಿಲ್ಲ. ನೀವು ಮೊದಲೇ ಪ್ರತಿ ತೆಗೆದಿಟ್ಟ ಫ್ಲಾಪಿ ಕಪಾಟಿನಲ್ಲಿ ಉಂಟು, ಅದನ್ನು ಹಾಕಿ ನೋಡುವ ಎಂದಿರಿ. ತರಲು ಎದ್ದವನು ನಾನು. ಕಪಾಟಿನ ಬಲ್ಬಿನ ಕೆಳಗೆ, ನಿಮ್ಮ ಅಕ್ಷರದ ಚೀಟಿ ಅಂಟಿಸಿದ ಲಕೋಟೆಯೊಳಗೆ, ಅದು ಚೆನ್ನಾಗಿಯೇ ಇತ್ತು. ಅದನ್ನು ನನ್ನ ಬುತ್ತಿಚೀಲದೊಳಗೆ ಸೇರಿಸಿದೆ. ಬೂಸು ಹಿಡಿದಿದ್ದ ಇನ್ನೊಂದನ್ನು ಅದರ ಲಕೋಟೆಗೆ ತುರುಕಿ ತಂದು ಮೇಜಿನ ಮೇಲಿಟ್ಟೆ. "ಫಂಗಸ್ ಬಂದಿದೆ," ಎಂದೆ. ಯಾರಿಗೂ ಆಶ್ಚರ್ಯವಾಗಲಿಲ್ಲ. ನಮ್ಮ ಕರಾವಳಿಯಲ್ಲಿ ಅದು ದಿನನಿತ್ಯದ ಸಂಗತಿ, ಹಾಗಾಗಿಯೇ ಆ ಸುಳ್ಳು ನನಗೆ ಅಷ್ಟು ಬೇಗ ಹೊಳೆಯಿತು.

ಮರುದಿನ ಬೆಳಿಗ್ಗೆ ನಿಮ್ಮ ಫ್ಲಾಪಿಯನ್ನು ಕತ್ತರಿಯಿಂದ ತುಂಡು ಮಾಡಿ ಬಚ್ಚಲ ಒಲೆಗೆ ಹಾಕಿದೆ. ಅಮ್ಮ ಅಡುಗೆಮನೆಯಿಂದ ಕೂಗಿ, "ಎಂತ ಸುಟ್ಟದ್ದು ಮಾರಾಯ, ಇಷ್ಟು ನಾತ?" ಎಂದು ಕೇಳಿದರು. ಏನೂ ಇಲ್ಲ ಎಂದೆ. ಅದೇ ನೀರಿನಲ್ಲಿ ಸ್ನಾನ ಮಾಡಿ ಕೆಲಸಕ್ಕೆ ಹೋದೆ.

ಆಸ್ಪತ್ರೆಯವರು ನಿಮ್ಮ ಮೇಲೆ ದೂರು ಕೊಡಲಿಲ್ಲ. ಮಾತು ಹಬ್ಬಿದರೆ ಅವರಿಗೂ ಕಷ್ಟ. ಶೆಟ್ರು ಸ್ವಲ್ಪ ದಿನ ಮನೆಯಲ್ಲಿರಿ ಎಂದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಮಣಿಪಾಲದಲ್ಲಿ ಕಂಪ್ಯೂಟರ್ ಗೊತ್ತಿದ್ದವರು ಬೆರಳೆಣಿಕೆಯಷ್ಟು. ಎಲ್ಲರಿಗೂ ಸುದ್ದಿ ಮುಟ್ಟಿತು. ಒಂದು ಕಾಲೇಜಿನಲ್ಲಿ ನಿಮಗೆ ಪಾಠ ಮಾಡುವ ಕೆಲಸ ಸಿಗುವುದರಲ್ಲಿತ್ತು, ಅದೂ ಹೋಯಿತು. ನಿಮ್ಮ ಜಾಗಕ್ಕೆ ನನ್ನನ್ನು ಕೂರಿಸಿದರು. ಕೂತೆ.

ಇಷ್ಟನ್ನು ಬರೀ ಹೇಡಿತನ ಎನ್ನಬಹುದಿತ್ತು. ಇದಕ್ಕಿಂತ ದೊಡ್ಡ ಪಾಪ ನಾನು ಮಾಡಿದ್ದು ಮರುವರ್ಷ, ಕಾರ್ಕಳದಲ್ಲಿ.

ಯಾವುದೋ ಕೆಲಸಕ್ಕೆ ಹೋದವನು ಬಸ್‌ಸ್ಟ್ಯಾಂಡಿನ ಹತ್ತಿರ ಟೈಪ್‌ರೈಟಿಂಗ್ ಕ್ಲಾಸಿನ ಬೋರ್ಡು ನೋಡಿದೆ. ಬಾಗಿಲಲ್ಲಿ ನೀವು ನಿಂತಿದ್ದಿರಿ. ತಪ್ಪಿಸಿಕೊಳ್ಳಲು ಆಗಲಿಲ್ಲ. ಒಳಗೆ ಕರೆದು ಚಾ ತರಿಸಿದಿರಿ. ಹುಡುಗಿಯರು ಸಾಲಾಗಿ ಕೂತು ಟಪಟಪ ಬಡಿಯುತ್ತಿದ್ದರು. ಬಯ್ಯುತ್ತೀರಿ ಎಂದು ಕಾದೆ. ನನ್ನ ಮೇಲೆ ಸಂಶಯವಿದೆ ಎಂದಾದರೂ ಹೇಳುತ್ತೀರಿ ಎಂದು. ಹೇಳಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ನಿಜವೋ ಅಲ್ಲವೋ.

ನೀವು ಹೇಳಿದ್ದು ಬೇರೆ. ಮೆಲ್ಲಗೆ, ಹುಡುಗಿಯರಿಗೆ ಕೇಳದ ಹಾಗೆ.

"ನಾನು ತುಂಬ ಯೋಚನೆ ಮಾಡಿದೆ ಸುಧಾಕರ. ಸುರುವಿಗೆ ಶೆಟ್ರಿಗೆ ತೋರಿಸ್ಲಿಕ್ಕೆ ಅಂತ ನಾನೇ ಒಂದು ಚಿಕ್ಕದು ಬರೆದಿದ್ದೆ, ನೆನಪುಂಟಾ? ಮದುವೆಯ ಗಡಿಬಿಡಿಯಲ್ಲಿ ನಾನು ಅದನ್ನೇ ಕೊಟ್ಟು ಹೋಗಿರಬೇಕು. ಮತ್ತೆ ಹೇಗಾಗ್ತದೆ, ಅಲ್ವಾ? ನನ್ನ ಕೈಯಲ್ಲೇ ಆದದ್ದು ಅದು."

ನಿಮ್ಮ ಕಣ್ಣು ನನ್ನ ಮೇಲಿತ್ತು. ಅಲ್ಲ ಎಂದು ಒಂದು ಮಾತು ಬೇಕಿತ್ತು ನಿಮಗೆ. ಹೇಳಬಲ್ಲವನು ಇಡೀ ಲೋಕದಲ್ಲಿ ನಾನೊಬ್ಬ.

"ಇರಬಹುದು," ಎಂದೆ.

ಮೊದಲ ಸುಳ್ಳಿನಿಂದ ನಿಮ್ಮ ಕೆಲಸ ಕಸಿದೆ. ಈ ಎರಡನೆಯದರಿಂದ ನಿಮ್ಮ ಮೇಲೆ ನಿಮಗಿದ್ದ ನಂಬಿಕೆಯನ್ನೇ ಕಸಿದೆ. ನೀವು ತಲೆಯಾಡಿಸಿದಿರಿ. ಆಮೇಲೆ ಹೇಳಿದಿರಿ — ಪ್ರತಿ ತಿಂಗಳ ಮೊದಲ ಶನಿವಾರ ಪಡುಬಿದ್ರಿ ಬಸ್ಸು ಹಿಡಿದು ಉಚ್ಚಿಲಕ್ಕೆ ಹೋಗುತ್ತೇನೆ, ವಸಂತಿಯ ಹತ್ತಿರ ಕೂತು ಬರುತ್ತೇನೆ, ಅವಳ ತಲೆ ಬಾಚುತ್ತೇನೆ, ಬೇರೆ ಎಂತ ಮಾಡುದು ಎಂದು. ನಾನು ಚಾ ಕುಡಿದು ಮುಗಿಸಿದೆ. ಲೋಟವನ್ನು ಮೇಜಿನ ಮೇಲಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಆಮೇಲೆ ನಾನು ಚೆನ್ನಾಗಿಯೇ ಬದುಕಿದೆ. ಇದನ್ನೂ ಮುಚ್ಚಿಡುವುದಿಲ್ಲ. ಕೆಲಸ, ಮನೆ, ಮಕ್ಕಳು, ಮರ್ಯಾದೆ — ಯಾವುದೂ ಕಡಿಮೆಯಾಗಲಿಲ್ಲ. ಹೊಸಬರಿಗೆ ಪಾಠ ಮಾಡುವಾಗ, ಬದಲಿಸುವ ಬಾಗಿಲನ್ನು ಅವಸರದಲ್ಲಿ ಮೊಟಕು ಮಾಡಬೇಡಿ ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಅವರು ಯಾಕೆ ಸಾರ್ ಎಂದು ಕೇಳಿದರೆ ಕಾರಣ ಮಾತ್ರ ಹೇಳುತ್ತಿರಲಿಲ್ಲ. ಉಡುಪಿಯಿಂದ ತೆಂಕಕ್ಕೆ ಹೋಗುವಾಗ ಕಾಪು ದಾಟುತ್ತಿದ್ದ ಹಾಗೆ ಕಣ್ಣು ಮುಚ್ಚಿ ನಿದ್ದೆ ಬಂದವನ ಹಾಗೆ ಕೂರುತ್ತಿದ್ದೆ, ಉಚ್ಚಿಲ ಕಳೆಯುವ ತನಕ. ನೋಡಿದರೆ ಯಾರಾದರೂ ಗುರುತು ಹಿಡಿಯುತ್ತಾರೆಂಬ ಹೆದರಿಕೆ. ಅಲ್ಲಿ ನನ್ನ ಗುರುತು ಯಾರಿಗೂ ಇರಲಿಲ್ಲ.

ಹೋದ ತಿಂಗಳು ಒಂದು ಮದುವೆಯ ಊಟದಲ್ಲಿ ಪಕ್ಕದಲ್ಲಿ ಕೂತವರು ಉಚ್ಚಿಲದವರು. ಮಾತಿಗೆ ಮಾತು ಬಂತು. ನಮ್ಮ ಓಣಿಯಲ್ಲಿ ಒಬ್ಬರು ಮಾತು ಸರಿ ಬಾರದ ಅಮ್ಮ ಇದ್ದಾರೆ, ಕಾರ್ಕಳದಿಂದ ಒಬ್ಬರು ಕ್ರಿಶ್ಚಿಯನ್ ಬಾಯಿ ತಿಂಗಳು ತಿಂಗಳೂ ಕೋಲು ಊರಿಕೊಂಡು ಬಂದು ನೋಡಿ ಹೋಗುತ್ತಾರೆ, ಎಂತ ಸಂಬಂಧವೋ ಗೊತ್ತಿಲ್ಲ ಎಂದರು. ನನ್ನ ಎಲೆಯಲ್ಲಿ ಅನ್ನ ಹಾಗೇ ಉಳಿಯಿತು. ಹೋಗುವುದನ್ನು ನೀವು ಯಾವತ್ತೋ ಬಿಟ್ಟಿರುತ್ತೀರಿ ಎಂದುಕೊಂಡಿದ್ದೆ. ಬಿಟ್ಟಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಕ್ಷಮೆ ಕೇಳುವುದಿಲ್ಲ ಐರಿನ್ ಬಾಯಿ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ, ನಿಮ್ಮನ್ನು ಬಲ್ಲೆ. ಅದು ನನಗೆ ಸಿಗಬಾರದು. ಒಂದೇ ಮಾತು ತಿಳಿದುಕೊಳ್ಳಿ: ನೀವು ಕೊಟ್ಟು ಹೋದದ್ದು ಸರಿಯಾದ ಫ್ಲಾಪಿ. ಅದರಲ್ಲಿ ಹನ್ನೊಂದು ಸಾಲೂ ಇದ್ದವು. ನಿಮ್ಮ ಕೈ ತಪ್ಪಿರಲಿಲ್ಲ.

ಬರುವ ತಿಂಗಳ ಮೊದಲ ಶನಿವಾರ ನಾನು ಉಚ್ಚಿಲಕ್ಕೆ ಹೋಗುತ್ತೇನೆ. ನೀವು ಬರುವ ಮೊದಲೇ ಹೋಗಿ ವಸಂತಿಯವರಿಗೂ ಅವರ ಗಂಡನಿಗೂ ಇದನ್ನೆಲ್ಲ ಹೇಳಿರುತ್ತೇನೆ. ಅವರು ಏನು ಮಾಡುತ್ತಾರೋ ಮಾಡಲಿ. ನೀವು ಎಂದಿನಂತೆ ಬನ್ನಿ, ಅವರ ತಲೆ ಬಾಚಿ. ಈ ಸಲ ಗೆಳತಿಯಾಗಿ ಮಾತ್ರ.